ಸುಂಕದ ಕಟ್ಟೆಯ ಬಳಿ ಬೆಳಗಾಯಿತು

ಸಂಸ್ಕೃತದಲ್ಲಿ 'ಘಟ್ಟಕುಟೀ ಪ್ರಭಾತ ನ್ಯಾಯ' ಎಂದೊಂದು ನ್ಯಾಯ ಉಂಟು. ಬಂಡಿಯವನೊಬ್ಬ ಸುಂಕ ತಪ್ಪಿಸಬೇಕೆಂದು ರಾತ್ರಿ ರಾಜಮಾರ್ಗ ಬಿಟ್ಟು ಅಡ್ಡದಾರಿ ಹಿಡಿದನಂತೆ. ಕತ್ತಲಲ್ಲಿ ದಿಕ್ಕು ತಪ್ಪಿ, ಸುತ್ತಿ ಸುತ್ತಿ, ಬೆಳಕು ಹರಿದಾಗ ನೋಡುತ್ತಾನೆ, ಬಂಡಿ ನಿಂತಿರುವುದು ಸುಂಕದ ಕಟ್ಟೆಯ ಎದುರಿಗೇ. ರಾತ್ರಿಯ ನಿದ್ದೆಯೂ ಹೋಯಿತು, ಸುಂಕವೂ ತಪ್ಪಲಿಲ್ಲ.

ಪರ ಊರಿನಲ್ಲಿ ನೆಲಸಿದ ನಮ್ಮಂಥವರಿಗೆಲ್ಲ ಆಗಾಗ ಬರುವ ಪ್ರಶ್ನೆಯೊಂದಿದೆ. ಹೋದ ವರ್ಷ ಹಾವೇರಿಯಿಂದ ನಮ್ಮ ಭಾವ ಫೋನು ಮಾಡಿ ಅದನ್ನೇ ಕೇಳಿದರು: "ಏನ್ರೀ, ಅವ್ವನ್ನ ಕರಕೊಂಡು ಬರಾಕತ್ತೀನಿ. ಸಿಟಿಯೊಳಗ ಹೋಟೆಲ್ ಮಾಡ್ಲೋ, ನಿಮ್ಮ ನರೋಡಾ ಕಡೆ ಅಗ್ಗ ಆಗ್ತದೋ?" ನಮ್ಮ ಅತ್ತೆಯವರಿಗೆ ಮೂತ್ರಪಿಂಡದ ತೊಂದರೆ. ಅಸಾರ್ವಾದ ದೊಡ್ಡಾಸ್ಪತ್ರೆಯ ಆವರಣದಲ್ಲಿ ತೋರಿಸಬೇಕಾಗಿತ್ತು. ನಮ್ಮ ಮನೆ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಎರಡು ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು. ಹಾಗಾಗಿ ಎಲ್ಲಾದರೂ ಕೋಣೆ ಹಿಡಿಯಲೇಬೇಕಿತ್ತು. ಆಸ್ಪತ್ರೆಯ ಸಮೀಪದಲ್ಲಿ ದಿನಕ್ಕೆ 1200 ರೂಪಾಯಿ, ನರೋಡಾದಲ್ಲಿ 700. ನಾವು ಗುಮಾಸ್ತಿಕೆಯವರು, ಲೆಕ್ಕ ಮಾಡಿದೆವು. ದಿನಕ್ಕೆ 500 ಉಳಿತಾಯ, ಹತ್ತು ದಿನಕ್ಕೆ 5000. "ನರೋಡಾಕ್ಕೇ ಬನ್ನಿ" ಎಂದೆವು.

ಆ ಲೆಕ್ಕ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ. ಊರೊಳಗೆ ಇಳಿದರೆ ದುಬಾರಿ, ಪಕ್ಕದ ಊರಿನಲ್ಲಿ ಅಗ್ಗ ಎಂಬುದು ನಿನ್ನೆ ಮೊನ್ನೆಯ ಮಾತಲ್ಲ. ಅದು ಏಕೆ ಹಾಗೆ ಎಂದು ಹುಡುಕುತ್ತ ಹೋದ ನಮಗೆ ಸಿಕ್ಕಿದ್ದು ಎರಡು ಜೋಡಿ ಊರುಗಳು. ಒಂದು ಜೋಡಿ ನಮ್ಮ ನಾಡಿನದು, ಇನ್ನೊಂದು ನಾವು ಅನ್ನ ತಿನ್ನುತ್ತಿರುವ ಈ ನಾಡಿನದು.

ನಮ್ಮ ನಾಡಿನ ಜೋಡಿ ವಿಜಯನಗರ ಮತ್ತು ಹೊಸಪೇಟೆ. ಹಂಪಿ ನೋಡಲು ಹೋದವರು ಹೊಸಪೇಟೆಯಲ್ಲಿ ಇಳಿದುಕೊಳ್ಳುವುದು ಇಂದಿನ ರೂಢಿ. ರೈಲು, ಬಸ್ಸು, ಊಟ ಎಲ್ಲವೂ ಅಲ್ಲಿಯೇ. ಆದರೆ ಐನೂರು ವರ್ಷಗಳ ಹಿಂದೆಯೂ ಗೋವೆಯ ಕಡೆಯಿಂದ ಬಂದವರು ಮೊದಲು ಕಾಲಿಡುತ್ತಿದ್ದುದು ಆ ಊರಿಗೇ. ಆಗ ಅದರ ಹೆಸರು ನಾಗಲಾಪುರ. ಕೃಷ್ಣದೇವರಾಯ ಕಟ್ಟಿಸಿದ್ದು. ಪ್ರೀತಿಯ ರಾಣಿಗಾಗಿ ಕಟ್ಟಿಸಿದನೆಂದು ಪೋರ್ಚುಗೀಸರು ಬರೆದರು. ತಾಯಿ ನಾಗಲಾದೇವಿಯ ಹೆಸರಿನಲ್ಲಿ ಎನ್ನುವವರೂ ಉಂಟು. ಅದು ಹಾಗಿರಲಿ. 1520ರ ಸುಮಾರಿಗೆ ಬಂದ ಡೊಮಿಂಗೊ ಪಯಸ್ ಆ ಹೊಸ ಊರಿನ ವಿಷಯ ಬರೆಯುತ್ತ, ಅರಸನು ಬೇರೆ ಊರುಗಳಿಂದ ಪ್ರತಿಷ್ಠಿತ ವರ್ತಕರನ್ನು ಕರೆಸಿ ಅಲ್ಲಿ ನೆಲೆಗೊಳಿಸಿದ್ದಾನೆ, ನೀರು ಧಾರಾಳವಾಗಿದೆ, ಅಲ್ಲಿಂದ ರಾಜಧಾನಿಯವರೆಗೂ ವಿಶಾಲವಾದ ಬೀದಿ, ಎರಡು ಬದಿಗೂ ಮನೆ ಅಂಗಡಿಗಳ ಸಾಲು ಎಂದು ತಿಳಿಸುತ್ತಾನೆ. ಈ ಬರಹಗಳನ್ನು ರಾಬರ್ಟ್ ಸೂಯೆಲ್ ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದ್ದರಿಂದ ನಮ್ಮಂಥವರಿಗೂ ಓದಲು ಸಿಕ್ಕಿವೆ.

ಪಯಸನ ಬರಹದಲ್ಲಿ ನಮ್ಮ ಗಮನ ಸೆಳೆದದ್ದು ಸುಂಕದ ಮಾತು. ಬಾಗಿಲ ಮೂಲಕ ಸುಂಕ ಕೊಡದೆ ಏನೂ ಒಳಗೆ ಹೋಗುವಂತಿಲ್ಲ. ಗಂಡಸರಾಗಲಿ ಹೆಂಗಸರಾಗಲಿ, ತಲೆಹೊರೆಯಾಗಲಿ, ಎಲ್ಲಕ್ಕೂ ಸುಂಕ. ಅನಂತರ 1535ರ ಸುಮಾರಿಗೆ ಬರೆದ ನೂನಿಜ್ ಕುದುರೆ ವ್ಯಾಪಾರಿ, ಲೆಕ್ಕದಲ್ಲಿ ಪಯಸನಿಗಿಂತ ಗಟ್ಟಿಗ. ನಾಗಲಾಪುರದ ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರದೋಗಳಿಗೆ ಗುತ್ತಿಗೆ ಕೊಡಲಾಗಿದೆ, ಗುತ್ತಿಗೆದಾರ ಕೇಳಿದಷ್ಟು ಕೊಡದೆ ಯಾರೂ ಒಳಹೋಗಲಾರರು ಎನ್ನುತ್ತಾನೆ. ಎರಡು ಪಟ್ಟಣಗಳಿಗೂ ಬೇಕಾದ ದವಸ ಸರಕೆಲ್ಲ ಹೊರಗಿನಿಂದಲೇ ಹೇರೆತ್ತುಗಳ ಮೇಲೆ ಬರಬೇಕು. ದಿನಕ್ಕೆ 2000 ಎತ್ತುಗಳು ಬರುತ್ತವೆ. ಪ್ರತಿ ಎತ್ತಿಗೂ ಸುಂಕ. ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲೂ ಸುಂಕವಿಲ್ಲ! ಬೋಳೆತ್ತಿಗೆ ಏಕೆ ಆ ವಿನಾಯಿತಿಯೋ. ಯಾವುದೋ ಕಾಲದ ಸುತ್ತೋಲೆ ಇದ್ದಿರಬೇಕು. ನಮ್ಮ ಇಲಾಖೆಯಲ್ಲೂ ಇಂಥವು ಇಲ್ಲದಿಲ್ಲ.

ಇಲ್ಲಿ ಕೊಂಚ ನಿಂತು ಯೋಚಿಸಬೇಕು. ಜೋಳದ ಮೂಟೆಗೆ ಬಾಗಿಲಲ್ಲಿ ಸುಂಕ ಬಿದ್ದರೆ ಒಳಗಿನ ರೊಟ್ಟಿಗೆ ಬೆಲೆ ಏರಲೇಬೇಕು. ಎಣ್ಣೆಗೆ ಬಿದ್ದರೆ ದೀಪಕ್ಕೆ, ಹುಲ್ಲಿಗೆ ಬಿದ್ದರೆ ಎತ್ತು ಕಟ್ಟುವ ಜಾಗಕ್ಕೆ. ಊರೊಳಗೆ ತಂಗುವವನು ಕೋಣೆಯ ಬಾಡಿಗೆಯೊಂದನ್ನೇ ಕೊಡುವುದಲ್ಲ, ಅವನು ತಿಂದ ತುತ್ತಿನಲ್ಲೆಲ್ಲ ಸುಂಕದ ಪಾಲು ಕುಳಿತಿರುತ್ತದೆ. ಬಾಗಿಲಿನ ಹೊರಗೆ ಅದಿಲ್ಲ. ಹೊರಗಿನ ಅಗ್ಗದ ಮೊದಲ ಗುಟ್ಟು ಇದು. ಇನ್ನೊಂದು ಗುಟ್ಟು ರಾತ್ರಿಯದು. ಕೋಟೆಯುಳ್ಳ ಊರುಗಳ ಬಾಗಿಲು ಕತ್ತಲಾದ ಮೇಲೆ ಮುಚ್ಚುತ್ತಿತ್ತು. ಹೊತ್ತು ಮೀರಿ ಬಂದವನು ಇಷ್ಟವಿರಲಿ ಬಿಡಲಿ ಹೊರಗೇ ಉಳಿಯಬೇಕು. ಹಾಗೆ ಉಳಿದವರಿಗೆ ನೀರು ಬೇಕು, ನೆರಳು ಬೇಕು, ಎತ್ತಿಗೆ ಮೇವು ಬೇಕು. ಒಂದು ಬಾವಿ, ನಾಲ್ಕು ಅಂಗಡಿ, ಒಂದು ಗುಡಿ ಎದ್ದಿತೆಂದರೆ ಪೇಟೆಯಾಯಿತು.

ಹೊಸಪೇಟೆಯ ಮಾತು ಮುಗಿಸುವ ಮುನ್ನ ಇಂದಿನ ಸಂಗತಿಯನ್ನೂ ಹೇಳಿಬಿಡಬೇಕು. ಹಂಪಿಯ ಬಜಾರದ ಹಳೆಯ ಕಲ್ಲುಮಂಟಪಗಳಲ್ಲಿ ಅಂಗಡಿ, ವಸತಿಗೃಹಗಳು ಬೆಳೆದಿದ್ದವು. 2011ರಲ್ಲಿ ಅವನ್ನು ತೆರವು ಮಾಡಿದರು. ಹೊಳೆಯಾಚೆ ವಿರೂಪಾಪುರ ಗಡ್ಡೆಯ ವಸತಿಗೃಹಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ 2020ರಲ್ಲಿ ಕೆಡವಿದರು. ಅಲ್ಲಿ ಬದುಕು ಕಟ್ಟಿಕೊಂಡಿದ್ದ ಸಂಸಾರಗಳ ಕಷ್ಟ ಬೇರೆಯ ಕಥೆ. ಒಟ್ಟಿನಲ್ಲಿ ಪ್ರವಾಸಿ ಮತ್ತೆ ಕೃಷ್ಣದೇವರಾಯನ ಹೊಸ ಊರಿಗೇ ಬಂದು ಮಲಗುವಂತಾಯಿತು. ಆ ಊರು 2021ರಲ್ಲಿ ವಿಜಯನಗರವೆಂಬ ಹೆಸರಿನ ಜಿಲ್ಲೆಗೆ ಕೇಂದ್ರವೂ ಆಯಿತು. ರಾಜಧಾನಿ ಹಾಳಾಗಿ, ಪಕ್ಕದ ಪೇಟೆಯೇ ಆ ಹೆಸರು ಹೊತ್ತಿದೆ.

ವಿಜಯನಗರದಿಂದ ನರೋಡಾಕ್ಕೆ ಹಾರಿದೆವೆಂದು ವಾಚಕರು ಆಕ್ಷೇಪಿಸಬಾರದು. ನಡುವೆ ಸೇತುವೆಯಾಗಿ ಒಬ್ಬ ಮಹಾಯಾತ್ರಿಕರಿದ್ದಾರೆ. ಪುಷ್ಟಿಮಾರ್ಗದ ವಲ್ಲಭಾಚಾರ್ಯರು (1479–1531) ವಿಜಯನಗರದ ರಾಜಸಭೆಯಲ್ಲಿ ವಾದದಲ್ಲಿ ಗೆದ್ದು ಕನಕಾಭಿಷೇಕ ಮಾಡಿಸಿಕೊಂಡರೆಂದು ಅವರ ಸಂಪ್ರದಾಯದವರು ಹೇಳುತ್ತಾರೆ. ದೇಶವನ್ನೆಲ್ಲ ನಡೆದು ಸುತ್ತಿದ ಅವರು ಕುಳಿತು ಭಾಗವತ ಹೇಳಿದ ಸ್ಥಳಗಳಿಗೆ ಬೈಠಕ್ ಎಂದು ಹೆಸರು. ಅಂಥವು 84. ಅವುಗಳಲ್ಲಿ ಒಂದು ನಮ್ಮ ನರೋಡಾದಲ್ಲಿದೆ. ಈ ಬೈಠಕ್‌ಗಳು ಬಹುಮಟ್ಟಿಗೆ ಊರ ಹೊರಗಿನ ಮರದ ನೆರಳು, ಕೆರೆ ಹೊಳೆಗಳ ದಂಡೆ. ಅಹಮದಾಬಾದಿನಂಥ ದೊಡ್ಡ ಪಟ್ಟಣ ಕೂಗಳತೆಯಲ್ಲಿದ್ದರೂ ಆಚಾರ್ಯರ ನೆನಪು ಉಳಿದಿರುವುದು ಪಕ್ಕದ ಹಳ್ಳಿಯಲ್ಲಿ. ನರೋಡಾ ಎಂದರೆ ಕಾರ್ಖಾನೆಗಳ ಊರು ಎಂದುಕೊಂಡಿದ್ದ ನಮಗೆ ಇದು ತಿಳಿದಾಗ, ಹತ್ತು ವರ್ಷ ನೆರೆಯಲ್ಲಿದ್ದವರ ಮನೆತನದ ಹಿರಿಮೆ ತಡವಾಗಿ ತಿಳಿದಂತಾಯಿತು.

ಅಹಮದಾಬಾದು 1411ರಲ್ಲಿ ಅಹಮದ್ ಶಹಾ ಸ್ಥಾಪಿಸಿದ ನಗರ. ಅದರ ಕೋಟೆಗೋಡೆಯನ್ನು ಮಹಮೂದ್ ಬೇಗಡಾ ಕಟ್ಟಿಸಿದನೆಂದು ಪ್ರತೀತಿ. ಗೋಡೆಯ ಹೊರಗೆ 'ಪುರ' ಎಂದು ಕೊನೆಗೊಳ್ಳುವ ಊರುಗಳು ಸುತ್ತಲೂ ಬೆಳೆದವು. ಸರಸಪುರ, ಉಸ್ಮಾನಪುರ ಇಂದಿಗೂ ಬಸ್ಸಿನ ಬೋರ್ಡಿನ ಮೇಲಿವೆ. ಬೇಗಡಾನ ಕಾಲದಲ್ಲೇ ಅಸಾರ್ವಾದ ಬಳಿ ಹರೀರಪುರವೆಂಬ ಊರಿತ್ತು. ಅಂತಃಪುರದ ಮೇಲ್ವಿಚಾರಕಿಯಾಗಿದ್ದ ಬಾಯಿ ಹರೀರ್ ಅಲ್ಲಿ 1499ರ ಹೊತ್ತಿಗೆ ಒಂದು ಮೆಟ್ಟಿಲುಬಾವಿ ಕಟ್ಟಿಸಿದಳು. ದಾದಾ ಹರೀರ್ ವಾವ್ ಎಂದು ಜನ ಕರೆಯುವುದು ಅದನ್ನೇ. ಅದರಲ್ಲಿ ಸಂಸ್ಕೃತದಲ್ಲೊಂದು, ಅರಬ್ಬಿಯಲ್ಲೊಂದು ಶಾಸನ. ನಾಲ್ಕು ದಿಕ್ಕಿನಿಂದ ಬಾಯಾರಿ ಬರುವ ಮನುಷ್ಯರು, ಪಶುಗಳು, ಪಕ್ಷಿಗಳು, ಗಿಡಮರಗಳು ಸೇರಿ 84 ಲಕ್ಷ ಜೀವಿಗಳಿಗಾಗಿ ಕಟ್ಟಿಸಿದ್ದೆಂದು ಸಂಸ್ಕೃತ ಶಾಸನ ಹೇಳುತ್ತದೆ. ತಗುಲಿದ ವೆಚ್ಚವನ್ನೂ ಕೊರೆಸಿದ್ದಾರೆ: 3,29,000 ಮಹಮೂದಿಗಳು. ಹಣವಿದ್ದವಳು ಅರಮನೆಯ ಎದುರಿಗೇ ಏನಾದರೂ ಕಟ್ಟಿಸಬಹುದಿತ್ತು. ಗೋಡೆಯ ಆಚೆ, ದಾರಿ ಸೇರುವಲ್ಲಿ ಕಟ್ಟಿಸಿದಳು. ಅದೇ ಕಾಲದಲ್ಲಿ ಊರಿನ ಉತ್ತರಕ್ಕೆ ಅಡಾಲಜದಲ್ಲಿ ರಾಣಿ ರೂಡಾಬಾಯಿಯ ಬಾವಿಯೂ ಎದ್ದಿತು. ಬೇಸಗೆಯಲ್ಲಿ ಆ ಬಾವಿಗಳ ಮೆಟ್ಟಿಲಿಳಿದವರಿಗೆ ಗೊತ್ತು, ಒಂದೊಂದು ಅಂತಸ್ತು ಇಳಿದಂತೆ ಬಿಸಿಲು ಹಿಂದೆ ಬೀಳುತ್ತದೆ. ಬಾಡಿಗೆಯಿಲ್ಲದ ತಂಗುದಾಣ ಅದು. ನಮ್ಮ ಕಡೆಯ ಅರವಟಿಗೆ ಮತ್ತು ಛತ್ರ ಎರಡನ್ನೂ ನೆಲದೊಳಗೆ ಕಟ್ಟಿದ ಹಾಗೆ.

ಊರೊಳಗಿನ ವಸತಿಗೆ ಸರಾಯಿಗಳಿದ್ದವು. ಮೊಗಲರ ಸುಬೇದಾರ ಆಜಂ ಖಾನ್ 1637ರಲ್ಲಿ ಭದ್ರಾದ ಬಳಿ ಕಟ್ಟಿಸಿದ ಸರಾಯಿಯ ಎತ್ತರದ ಬಾಗಿಲು ಇಂದಿಗೂ ಇದೆ. ಸೂರತ್ತಿನಲ್ಲಿ 1644ರಲ್ಲಿ ಹಜ್ ಯಾತ್ರಿಕರಿಗಾಗಿ ಹಕೀಕತ್ ಖಾನ್ ಕಟ್ಟಿಸಿದ ಮೊಗಲ್ ಸರಾಯಿ ಇದೆ. ಸರಾಯಿಯೆಂದರೆ ಈಗಿನ ಹೋಟೆಲಿನ ಹಾಗೆ ಊಟ ಹಾಸಿಗೆ ಕೊಡುವ ಸ್ಥಳವಲ್ಲ. ಅಂಗಳ, ಸುತ್ತ ಸಾಲುಕೋಣೆ, ನೀರು, ರಾತ್ರಿ ಮುಚ್ಚುವ ಒಂದು ಬಾಗಿಲು. ಹಾಸಿಗೆ ಪಾತ್ರೆ ತಮ್ಮದೇ, ಅಡಿಗೆಯೂ ತಮ್ಮದೇ. ಕಾಲ ಕಳೆದಂತೆ ಆಜಂ ಖಾನನ ಸರಾಯಿ ಬ್ರಿಟಿಷರ ಜೈಲಾಯಿತು. ಸೂರತ್ತಿನ ಸರಾಯಿ ಪುರಸಭೆಯ ಕಚೇರಿಯಾಗಿ, ಈಗ ಮಹಾನಗರಪಾಲಿಕೆಯ ಮುಖ್ಯಾಲಯ. ಯಾತ್ರಿಕರು ಒಂದು ರಾತ್ರಿ ಕಳೆಯುತ್ತಿದ್ದಲ್ಲಿ ಈಗ ಕಡತಗಳು ವರ್ಷಾನುಗಟ್ಟಲೆ ತಂಗುತ್ತವೆ.

ಊರೊಳಗಿನ ವಸತಿ ದುಬಾರಿಯಾದರೂ ಸುಖಕರವೆಂದು ಹೇಳುವಂತಿಲ್ಲ. 1618ರಲ್ಲಿ ತಿಂಗಳುಗಟ್ಟಲೆ ಇಲ್ಲಿದ್ದ ಜಹಾಂಗೀರ ಬಾದಶಹನು ಧೂಳಿಗೂ ಜ್ವರಕ್ಕೂ ರೋಸಿಹೋಗಿ, ಈ ನಗರಕ್ಕೆ ಗರ್ದಾಬಾದ್ ಎನ್ನಬೇಕೋ, ಬೀಮಾರಿಸ್ತಾನ್ ಎನ್ನಬೇಕೋ, ಜಹನ್ನಮಾಬಾದ್ ಎನ್ನಬೇಕೋ ಎಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ. ಧೂಳಿನೂರು, ರೋಗದೂರು, ನರಕದೂರು! ಬಾಡಿಗೆ ಕೊಡಬೇಕಾಗಿಲ್ಲದ ಬಾದಶಹನೇ ಹೀಗೆಂದರೆ ಮಿಕ್ಕವರ ಪಾಡೇನು? ಮೇ ತಿಂಗಳಲ್ಲಿ ಕಾಲೂಪುರದ ನಿಲ್ದಾಣದ ಎದುರು ಮೂಟೆ ಹಿಡಿದು ನಿಂತವರು ಅವನನ್ನು ಕ್ಷಮಿಸಿಯಾರು.

ಇನ್ನು ಸುಂಕದ ವಿಷಯಕ್ಕೆ ಬರೋಣ. ಇಂಗ್ಲಿಷರ ಕೈಗೆ ಬಂದಾಗ ಅಹಮದಾಬಾದಿನ ಗೋಡೆ ಬಿರುಕು ಬಿಟ್ಟು ನಿಂತಿತ್ತು. ದುರಸ್ತಿಗೆ ಹಣ ಬೇಕು. 1830ರ ದಶಕದಲ್ಲಿ ಅದಕ್ಕಾಗಿ ತುಪ್ಪವೇ ಮೊದಲಾದ ಸರಕುಗಳ ಮೇಲೆ ಶೇಕಡಾ 1ರ ವಿಶೇಷ ಸುಂಕ ಹಾಕಿದರು. ಗೋಡೆ ಸರಿಯಾಯಿತು. ಆ ಗೋಡೆಯ ನಿಧಿಯನ್ನು ನೋಡಿಕೊಂಡ ಸಮಿತಿಯಿಂದಲೇ ಮುಂದೆ ಊರಿನ ಪುರಸಭೆಯ ಕೆಲಸ ಬೆಳೆಯಿತು. ಊರಿನವರು ತಿಂದ ತುಪ್ಪದಿಂದ ಕಟ್ಟಿದ ಗೋಡೆ ಎಂದರೂ ತಪ್ಪಲ್ಲ. 1860ರ ದಶಕದಲ್ಲಿ ರೈಲು ಬಂತು. ನಿಲ್ದಾಣಕ್ಕೆ ಹೋಗಿಬರಲು ಗೋಡೆಯಲ್ಲಿ ಪ್ರೇಮ್ ದರ್ವಾಜಾ, ಪಾಂಚ್‌ಕುವಾ ಎಂಬ ಹೊಸ ಬಾಗಿಲುಗಳನ್ನು ತೆರೆದರು. ನಿಲ್ದಾಣವಿದ್ದದ್ದು ಗೋಡೆಯ ಹೊರಗೆ. ಹೊರಗಿನ ಅಗ್ಗದ ಜಾಗವಾಗಿದ್ದ ಕಾಲೂಪುರದ ಅಂಚು ಒಂದೇ ತಲೆಮಾರಿನಲ್ಲಿ ಧರ್ಮಶಾಲೆ ಲಾಡ್ಜುಗಳ ದುಬಾರಿ ಬೀದಿಯಾಯಿತು. ಮುಂದೆ ಪ್ರಾಂತಿಜದ ಕಡೆಗೆ ಮೀಟರ್‌ಗೇಜ್ ಹಳಿ ಬಿದ್ದಾಗ ಅಸಾರ್ವಾ, ಸೈಜಪುರ, ನರೋಡಾಗಳಿಗೂ ನಿಲ್ದಾಣಗಳಾದವು. ನರೋಡಾ ರಸ್ತೆಯುದ್ದಕ್ಕೂ ಗಿರಣಿಗಳೆದ್ದವು. ಅರವಿಂದ್ ಮಿಲ್ಸ್ 1931ರದು. 1962ರಲ್ಲಿ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲೆ ನರೋಡಾದಲ್ಲಿ ಕೈಗಾರಿಕಾ ವಸಾಹತು ಬಂತು, ಅದರ ಹಿಂದೆಯೇ ನಾವು.

ಗೋಡೆಯ ಬಹುಭಾಗವನ್ನು ಇಪ್ಪತ್ತನೆಯ ಶತಮಾನದಲ್ಲಿ ಪುರಸಭೆಯೇ ಕೆಡವಿ ರಸ್ತೆ ಮಾಡಿತು. ಗೋಡೆ ಹೋದರೂ ಸುಂಕ ಹೋಗಲಿಲ್ಲ. ಬಾಗಿಲಿನ ಬದಲು ನಾಕಾ ಬಂತು. ಕರ್ನಾಟಕದಲ್ಲಿ ಆಕ್ಟ್ರಾಯಿ 1979ರಲ್ಲೇ ರದ್ದಾಗಿತ್ತು. ಅಲ್ಲಿ ಅದನ್ನು ಮರೆತು ಇಲ್ಲಿಗೆ ಬಂದ ನಮ್ಮವರು ನಾಕಾದಲ್ಲಿ ಲಾರಿಗಳ ಸಾಲು ಕಂಡು ಬೆರಗಾಗುತ್ತಿದ್ದರು. ಊರಿನಿಂದ ಅಕ್ಕಿ ಬೆಲ್ಲ ತಂದವರು ನಾಕಾದವನೆದುರು ಹಲ್ಲು ಗಿಂಜುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಗುಜರಾತಿನ ಮಹಾನಗರಗಳಲ್ಲಿ ಆಕ್ಟ್ರಾಯಿ ನಿಂತದ್ದು 2007ರಲ್ಲಿ. ನಾಗಲಾಪುರದ ಬಾಗಿಲಿನಲ್ಲಿ ನೂನಿಜ್ ಕಂಡ ಪದ್ಧತಿ ಅಂದಿಗೆ ಇಲ್ಲಿ ಮುಗಿಯಿತೆನ್ನಬೇಕು. ಹೋಟೆಲು ಕೋಣೆಗಳ ಮೇಲೆ 1977ರ ರಾಜ್ಯ ಕಾಯಿದೆಯಂತೆ ಇದ್ದ ಐಷಾರಾಮ ತೆರಿಗೆ 2017ರ ಜುಲೈಯಲ್ಲಿ ಜಿಎಸ್‌ಟಿಯೊಳಗೆ ಕರಗಿತು. 1000 ರೂಪಾಯಿಗಿಂತ ಕಡಿಮೆ ದರದ ಕೋಣೆಗಿದ್ದ ವಿನಾಯಿತಿಯೂ 2022ರ ಜುಲೈ 18ರಿಂದ ಹೋಯಿತು. ಕೋಣೆಯ ತೆರಿಗೆ ಈಗ ಬಾಡಿಗೆಯನ್ನು ನೋಡುತ್ತದೆ, ಊರನ್ನು ನೋಡುವುದಿಲ್ಲ.

ಊರನ್ನು ನೋಡುವುದು ನಮ್ಮ ಸರಕಾರ. ನೌಕರರ ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಎಕ್ಸ್, ವೈ, ಝಡ್ ಎಂದು ವಿಂಗಡಿಸಿದ್ದಾರೆ. ಅಹಮದಾಬಾದು 2014ರ ಏಪ್ರಿಲ್ 1ರಿಂದ ಎಕ್ಸ್ ಆಯಿತು. ವಡೋದರಾ, ಸೂರತ್ತು ವೈ. ನರೋಡಾದ ನೌಕರನಿಗೂ ನಗರದ ದರವೇ ಸಿಗುತ್ತದೆ, ಆ ಮಟ್ಟಿಗೆ ಗೋಡೆ ಬಿದ್ದಿದೆ. ಪ್ರವಾಸದ ಮೇಲೆ ಹೋದಾಗ ಮಾತ್ರ ನ್ಯಾಯ ಬೇರೆ. 2017ರ ಜುಲೈಯ ನಿಯಮದಂತೆ ಐದನೆಯ ವೇತನ ಹಂತದವರೆಗಿನವರಿಗೆ ಹೋಟೆಲಿಗೆಂದು ದಿನಕ್ಕೆ 450 ರೂಪಾಯಿ ನಿಗದಿಯಾಯಿತು. ತುಟ್ಟಿಭತ್ಯೆ ಶೇಕಡಾ 50 ಮುಟ್ಟಿದಾಗಲೊಮ್ಮೆ ಅದರ ಮೇಲೆ ಕಾಲು ಭಾಗ ಏರುತ್ತದೆ. ಮುಂಬಯಿಯಾದರೂ ಅಷ್ಟೇ, ಮುಂಡರಗಿಯಾದರೂ ಅಷ್ಟೇ. ಮುಂಬಯಿಗೆ ಹೋದ ಗುಮಾಸ್ತ ಪಕ್ಕದ ಊರು ಹುಡುಕದೆ ಇನ್ನೇನು ಮಾಡಿಯಾನು?

ಹೀಗೆ ಅಗ್ಗ ಹುಡುಕಿ ಹುಡುಕಿ ರೂಢಿಯಾದ ಕೈಯಿಂದಲೇ ನಾವು ಅತ್ತೆಯವರ ಲೆಕ್ಕ ಬರೆದದ್ದು. ಈಗ ಅದು ಏನಾಯಿತೆಂದು ಹೇಳಬೇಕು.

ಹತ್ತು ದಿನವೆಂದದ್ದು ಹದಿನೇಳು ದಿನವಾಯಿತು. ನರೋಡಾದಿಂದ ಮೆಮ್ಕೋ ದಾಟಿ ಆಸ್ಪತ್ರೆಗೆ ಆಟೋ, ಒಮ್ಮೆಗೆ 150 ರೂಪಾಯಿ. ಬೆಳಿಗ್ಗೆ ರಕ್ತ ಕೊಟ್ಟು ಬರುವುದು, ಸಂಜೆ ವರದಿ ತೋರಿಸಲು ಹೋಗುವುದು, ಅಲ್ಲಿಗೆ ನಾಲ್ಕು ಸಲದ ಆಟೋ, 600 ರೂಪಾಯಿ. ನಾವು ಉಳಿಸಿದ್ದು 500. ಮಧ್ಯಾಹ್ನ ಕೋಣೆಗೆ ಬಂದು ಊಟ ಮಾಡಿದರಂತೂ ಅತ್ತೆಯವರಿಗೆ ಮತ್ತೆ ಹೊರಡಲು ಜೀವವೇ ಇರುತ್ತಿರಲಿಲ್ಲ. ಆದರೂ ನಮಗೆ ಬುದ್ಧಿ ಬರಲಿಲ್ಲ, ಏಕೆಂದರೆ ಬಾಡಿಗೆಯ ರಸೀದಿ ಒಂದು ಕಡೆ, ಆಟೋದ ಚಿಲ್ಲರೆ ಇನ್ನೊಂದು ಕಡೆ. ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸಿರಲಿಲ್ಲ.

ಎಂಟನೆಯ ರಾತ್ರಿ ಎರಡು ಗಂಟೆಗೆ ಭಾವ ಫೋನು ಮಾಡಿದರು. "ಅವ್ವಗ ಉಸಿರು ಹಿಡೀಲಿಕತ್ತೇತಿ, ಲಗೂನ ಬರ್ರಿ." ಓಡಿದೆವು. ಲಾಡ್ಜಿನ ಕಬ್ಬಿಣದ ಬಾಗಿಲಿಗೆ ಬೀಗ, ಬೀಗದ ಕೈ ಇಟ್ಟುಕೊಂಡ ಹುಡುಗ ಗಾಢ ನಿದ್ದೆಯಲ್ಲಿ. ಭಾವ ಒಳಗಿನಿಂದ, ನಾವು ಹೊರಗಿನಿಂದ ಬಾಗಿಲು ಬಡಿದೆವು. ತೆರೆದ ಮೇಲೆ ಆಟೋ ಇಲ್ಲ, ಆಂಬುಲೆನ್ಸಿಗೆ ಹೇಳಿ ರಸ್ತೆಯಲ್ಲಿ ನಿಂತೆವು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ ಅತ್ತೆಯವರು ಮಾತಾಡದೆ ನಮ್ಮ ಮನೆಯವರ ಕೈ ಹಿಡಿದುಕೊಂಡಿದ್ದರು. ಆಸ್ಪತ್ರೆ ಮುಟ್ಟುವಾಗ ಹತ್ತಿರ ಹತ್ತಿರ ಒಂದು ಗಂಟೆ ಕಳೆದಿತ್ತು. ವೈದ್ಯರು ತಡಮಾಡಲಿಲ್ಲ, ಬೆಳಗಿನ ಹೊತ್ತಿಗೆ ಉಸಿರು ಹದಕ್ಕೆ ಬಂತು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಆವರಣದ ಮೇಲೆ ಬೆಳಕು ಹರಿಯಿತು. ಬಂಡಿಯವನ ಕಥೆ ನಮಗೆ ನೆನಪಾದದ್ದು ಆಗ.

ನಾವು 'ಸಿಟಿ' ಎಂದು ಬಿಟ್ಟದ್ದಾದರೂ ಏನನ್ನು? ಅಸಾರ್ವಾ ಕೋಟೆಯೊಳಗಿನ ಊರಲ್ಲ, ಗೋಡೆಯಾಚೆಯದು. ಬಾಯಿ ಹರೀರಳ ಕಾಲದಲ್ಲಿ ಹೊರಗಿನಿಂದ ಬಂದವರು ನೀರು ಕುಡಿದು ಕೂತದ್ದು ಅಲ್ಲಿಯೇ. ಬ್ಯಾಪಾರಿಗೆ ಕೆಲಸ ಮಾಣಿಕಚೌಕದಲ್ಲಾದರೆ ಗೋಡೆಯೊಳಗೆ ತಂಗಬೇಕು. ರೋಗಿಗೆ ಕೆಲಸ ಅಸಾರ್ವಾದಲ್ಲಿ. ನಾವು ಬಾಡಿಗೆಯನ್ನು ಮೊದಲು ಕೇಳಿದೆವು, ಕೆಲಸ ಎಲ್ಲಿ ಎಂಬುದನ್ನು ಕೊನೆಗೆ.

ಮರುದಿನ ಭಾವ ಆಸ್ಪತ್ರೆಯ ಎದುರಿನ ಒಂದು ಧರ್ಮಶಾಲೆಯಲ್ಲಿ ವಿಚಾರಿಸಿದರು. ದಿನಕ್ಕೆ 300 ರೂಪಾಯಿ, ನೆಲದಂತಸ್ತು, ನಡೆದರೆ ಐದು ನಿಮಿಷ. ಹನ್ನೆರಡು ವರ್ಷದಿಂದ ಈ ಊರಿನಲ್ಲಿರುವ ನಮಗೆ ಅದು ಗೊತ್ತಿರಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆ. ಅಲ್ಲಿ ಸ್ಟವ್ ಹಚ್ಚಿ ನಮ್ಮ ಮನೆಯವರು ಗಂಜಿ ಮಾಡಿದರು. ಪಕ್ಕದ ಕೋಣೆಯಲ್ಲಿ ರಾಜಸ್ಥಾನದವರು, ಅದರಾಚೆ ಮಧ್ಯಪ್ರದೇಶದವರು.

ಹೊರಡುವ ಹಿಂದಿನ ದಿನ ಅತ್ತೆಯವರನ್ನು ಹರೀರ್ ವಾವ್ ನೋಡಲು ಕರೆದೊಯ್ದೆವು. ಇಳಿಯುವ ಮಾತೇ ಇಲ್ಲ. ಮೇಲಿನ ಕಟ್ಟೆಯ ಬಳಿ ಕೂತು ಕೆಳಗಿನ ಕತ್ತಲನ್ನು ನೋಡಿದರು. ಕಟ್ಟಿಸಿದವಳು ಹೆಂಗಸೆಂದು ಹೇಳಿದಾಗ, "ಹೌದೇನ್ರಿ ಅಳಿಯಂದ್ರ?" ಎಂದು ಇನ್ನೊಮ್ಮೆ ಬಗ್ಗಿ ನೋಡಿದರು. ಮೂರು ತಿಂಗಳಿಗೆ ಮತ್ತೆ ಬಂದು ತೋರಿಸಬೇಕೆಂದು ವೈದ್ಯರು ಹೇಳಿದ್ದರು. ಧರ್ಮಶಾಲೆಯ ಫೋನ್ ನಂಬರು ಬರೆದ ಚೀಟಿಯನ್ನು ಭಾವ ಆಸ್ಪತ್ರೆಯ ಕಾಗದಗಳ ಜೊತೆಯಲ್ಲೇ ಮಡಿಚಿಟ್ಟುಕೊಂಡರು.